ಗಣೇಶಗುಡಿ ಕಡೆ ಮಂಗಟ್ಟೆ ನೋಡೋಕೆ ಮೂರು ದಿನ, ಜೊತೆಗೆ ಅಪ್ಪನ ಮೊಣಕಾಲು ನೋವು: ಸಲಹೆ ಬೇಕು

ರಂಗನತಿಟ್ಟಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ಶ್ರೀರಂಗಪಟ್ಟಣದ ಹತ್ತಿರ. ಅಪ್ಪನಿಗೆ ಈಗ 68, ಮೇಷ್ಟ್ರಾಗಿ ರಿಟೈರ್ ಆದವರು. ನಾನು ಹುಟ್ಟುವ ಮೊದಲಿಂದ ರಂಗನತಿಟ್ಟಿಗೆ ಹೋಗುತ್ತಿದ್ದಾರೆ. ಹೆಜ್ಜಾರ್ಲೆ, ಬಾಯ್ಕಳಕ, ಚಮಚ ಕೊಕ್ಕಿನದು, ಎಲ್ಲವೂ ಅವರಿಗೆ ಪಕ್ಕದ ಮನೆಯವರಿದ್ದ ಹಾಗೆ. ಆದರೆ ಮಂಗಟ್ಟೆ ಹಕ್ಕಿಯನ್ನು (ಹಾರ್ನ್‌ಬಿಲ್) ಒಂದು ಸಲವೂ ನೋಡಿಲ್ಲ. ಹೋದ ತಿಂಗಳು ಊಟಕ್ಕೆ ಕೂತಾಗ "ಅದೊಂದು ಬಾಕಿ ಉಳೀತು ನೋಡು" ಅಂದರು. ಅಷ್ಟೇ, ಮುಂದೆ ಏನೂ ಹೇಳಲಿಲ್ಲ. ನನಗೆ ಅದು ತಲೆಯಲ್ಲಿ ಕೂತುಬಿಟ್ಟಿದೆ.

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಡೆ, ಅಂದರೆ ದಾಂಡೇಲಿ, ಗಣೇಶಗುಡಿ ಕಡೆ ಹೋಗೋಣ ಅಂತಿದ್ದೇನೆ. ರಜೆ ಸಿಗುವುದು ಕ್ರಿಸ್‌ಮಸ್ ವಾರ, ಇಲ್ಲಾಂದ್ರೆ ಫೆಬ್ರವರಿಯಲ್ಲಿ ಮೂರು ದಿನ. ಅಪ್ಪನಿಗೆ ಎಡಗಾಲಿನ ಮೊಣಕಾಲು ನೋವು. ಸಮತಟ್ಟು ದಾರಿಯಲ್ಲಿ ಒಂದು ಕಿಲೋಮೀಟರ್ ನಡೆಯುತ್ತಾರೆ, ಗುಡ್ಡ ಹತ್ತೋಕೆ ಆಗಲ್ಲ. ಯಾವಾಗ ಹೋಗಬೇಕು, ಎಲ್ಲಿ ಇರಬೇಕು, ದುರ್ಬೀನು ಯಾವುದು ಕೊಳ್ಳಬೇಕು, ಎಲ್ಲ ಹೇಳಿ.

ಭೀಮರಾಜ

ಕ್ರಿಸ್‌ಮಸ್ ವಾರ ಬೇಡವೇ ಬೇಡ. ಗೋವಾ ಪಕ್ಕದಲ್ಲೇ ಇದೆ, ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಎಲ್ಲ ಕಡೆಯಿಂದ ಜನ ಬರುತ್ತಾರೆ. ಗಣೇಶಗುಡಿಯಲ್ಲಿ ನದಿ ಆಟದ ದೋಣಿಗಳು, ಕಿರುಚಾಟ, ಸೆಲ್ಫಿ. ಹಕ್ಕಿ ಇದ್ದರೂ ಕೇಳಿಸಲ್ಲ. ಫೆಬ್ರವರಿಯೇ ಸರಿ, ಅದೂ ಸೋಮವಾರದಿಂದ ಗುರುವಾರದ ಒಳಗೆ.

ಆಮೇಲೆ ಮುಖ್ಯವಾದ ಮಾತು. ನಿಮ್ಮಪ್ಪ ರಂಗನತಿಟ್ಟು ನೋಡಿ ಬೆಳೆದವರು. ಅಲ್ಲಿ ಹಕ್ಕಿ ಬಯಲಲ್ಲಿ ಕೂತಿರುತ್ತೆ, ದೋಣಿಯಲ್ಲಿ ಹತ್ತಿರ ಹೋಗಿ ನೋಡುತ್ತೀರಿ, ಒಂದೇ ಮರದ ಮೇಲೆ ಐವತ್ತು ಗೂಡು. ಇಲ್ಲಿ ಹಾಗಲ್ಲ. ಈ ದಟ್ಟ ಕಾಡಲ್ಲಿ ಮೊದಲ ಒಂದು ಗಂಟೆ ಏನೂ ಕಾಣದೆ ಹೋಗಬಹುದು. ಎಲ್ಲೋ ಕುಟ್ರುಹಕ್ಕಿ ಕುಟುರ್ ಕುಟುರ್ ಅಂತಿರುತ್ತೆ, ತಲೆ ಎತ್ತಿದರೆ ಬರೀ ಎಲೆ. ಹೊಸಬರು "ಇಲ್ಲಿ ಹಕ್ಕಿಯೇ ಇಲ್ಲ" ಅಂತ ಬೇಸರ ಮಾಡಿಕೊಳ್ಳುವುದು ಆವಾಗಲೇ. ನಾನೂ ಮೊದಲ ಸಲ ಹಾಗೇ ಬೈದುಕೊಂಡು ಬಂದೆ. ಇದ್ದಕ್ಕಿದ್ದ ಹಾಗೆ ಒಂದು ದಂಡು ಬರುತ್ತದೆ, ಭೀಮರಾಜ ಹಕ್ಕಿ ಮುಂದೆ, ಹಿಂದೆ ಮರಕುಟಿಕ, ನೊಣಹಿಡುಕ, ಸಣ್ಣಪುಟ್ಟ ಹರಟೆಮಲ್ಲಗಳು, ಬೇರೆ ಬೇರೆ ಜಾತಿ ಒಟ್ಟಿಗೆ ಮೇಯುತ್ತಾ ಹೋಗುತ್ತವೆ. ಐದೇ ನಿಮಿಷ, ಮತ್ತೆ ಎಲ್ಲ ಮೌನ. ಹಾಗಾಗಿ ನಡೆಯುವುದಕ್ಕಿಂತ ಒಂದು ಕಡೆ ಕೂರುವವನಿಗೇ ಲಾಭ ಜಾಸ್ತಿ. ನಿಮ್ಮಪ್ಪನ ಮೊಣಕಾಲು ಇಲ್ಲಿ ಅಡ್ಡಿಯೇ ಅಲ್ಲ.

ದಾಂಡೇಲಿ ಹುಡುಗ

ನಾನು ಊರಿನವನೇ. ನಮ್ಮಲ್ಲಿ ಮಂಗಟ್ಟೆ ನಾಲ್ಕು ಥರ ಇವೆ, ನೀವು ಯಾವುದನ್ನು ನೋಡಬೇಕು ಅಂತ ಮೊದಲು ತಿಳ್ಕೊಳ್ಳಿ. ದೊಡ್ಡ ಮಂಗಟ್ಟೆ, ಕೊಕ್ಕಿನ ಮೇಲೆ ಹಳದಿ ಟೋಪಿ ಹಾಕಿಕೊಂಡದ್ದು, ರೆಕ್ಕೆ ಬಿಚ್ಚಿದರೆ ಹತ್ತಿರ ಹತ್ತಿರ ಐದು ಅಡಿ. ಅದು ದಟ್ಟ ಕಾಡಿನದು, ದಿನಾ ಸಿಗಲ್ಲ. ಮಲಬಾರ್ ಕಪ್ಪು-ಬಿಳಿ ಮಂಗಟ್ಟೆ ದಾಂಡೇಲಿ ಪೇಟೆಯ ಅಂಚಲ್ಲೇ ಸಿಗುತ್ತೆ. ಟಿಂಬರ್ ಡಿಪೋ ಸುತ್ತಮುತ್ತಲ ಮರಗಳಿಗೆ ಬರುತ್ತವೆ, ಬೆಳಿಗ್ಗೆ ಟೀ ಕುಡಿಯೋಕೆ ಹೋದಾಗ ತಲೆ ಮೇಲೆ ಹಾರಿ ಹೋದದ್ದುಂಟು. ಮಲಬಾರ್ ಬೂದು ಮಂಗಟ್ಟೆ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಟೋಪಿ ಇಲ್ಲ, ಆದರೆ ಹುಚ್ಚು ಹಿಡಿದವರ ಹಾಗೆ ನಗುತ್ತದೆ, ಮೊದಲ ಸಲ ಕೇಳಿದರೆ ಭಯ ಆಗುತ್ತೆ. ನಾಲ್ಕನೆಯದು ಬಯಲುಸೀಮೆಯ ಬೂದು ಮಂಗಟ್ಟೆ, ಹಳಿಯಾಳದ ಕಡೆ ಒಣ ಕಾಡಲ್ಲಿ ನೋಡಿ.

ಸರ್ಕಾರ 2011ರಲ್ಲಿ ಇಲ್ಲಿ ಸುಮಾರು 52 ಚದರ ಕಿಲೋಮೀಟರ್ ಜಾಗವನ್ನು ಮಂಗಟ್ಟೆಗೆ ಅಂತಲೇ ಸಂರಕ್ಷಣಾ ಮೀಸಲು ಅಂತ ಘೋಷಿಸಿದೆ. ಹುಲಿ ಹೆಸರಲ್ಲಿ ಕಾಡು ಉಳಿಸೋದು ಎಲ್ಲಾ ಕಡೆ ಇದೆ, ಹಕ್ಕಿ ಹೆಸರಲ್ಲಿ ಉಳಿಸಿದ್ದು ನಮಗೊಂದು ಹೆಮ್ಮೆ.

ಇನ್ನೊಂದು ವಿಷಯ, ಯಾರೂ ಹೇಳಲ್ಲ. ಫೆಬ್ರವರಿ ಅಂದರೆ ಭಾರತ ಹುಣ್ಣಿಮೆ ಯಾವತ್ತು ಅಂತ ಪಂಚಾಂಗ ನೋಡಿ. ಉಳವಿ ಚನ್ನಬಸವಣ್ಣನ ಜಾತ್ರೆ ಆವಾಗ. ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಸಾವಿರಾರು ಜನ ಇದೇ ದಾರಿಯಲ್ಲಿ ಬರುತ್ತಾರೆ. ನೋಡೋಕೆ ಬಹಳ ಚಂದ, ಆದರೆ ರೂಮು ಸಿಗಲ್ಲ, ರಸ್ತೆಯಲ್ಲಿ ಗಾಡಿ ಮುಂದೆ ಹೋಗಲ್ಲ. ಆ ವಾರ ಬಿಟ್ಟು ಬನ್ನಿ.

ರಂಗನತಿಟ್ಟಿನ ಮಗಳು

ಅಯ್ಯೋ, ನಾನು ನೋಡಿದ್ದ ದಿನ ಸರಿಯಾಗಿ ಅದೇ ವಾರ! ಒಂದು ವಾರ ಮುಂದಕ್ಕೆ ಹಾಕಿದೆ. ತುಂಬಾ ಉಪಕಾರ ಆಯಿತು. ಇರೋದು ಎಲ್ಲಿ?

ಲೆನ್ಸ್ ಸ್ವಾಮಿ

ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್, ಕಣ್ಣು ಮುಚ್ಚಿ ಬುಕ್ ಮಾಡಿ. ಜಂಗಲ್ ಲಾಡ್ಜಸ್ ಅವರದ್ದು. ಅಲ್ಲಿ ಹಕ್ಕಿಗಳಿಗೆ ಸ್ನಾನ ಮಾಡೋಕೆ ಸಣ್ಣ ಸಣ್ಣ ನೀರಿನ ತೊಟ್ಟಿ ಇಟ್ಟಿದ್ದಾರೆ. ಕುರ್ಚಿ ಹಾಕಿಕೊಂಡು ಕೂತರೆ ಮುಗೀತು. ಕೆಂಪು ಕೊರಳಿನ ಪಿಕಳಾರ, ಶಾಮ, ಬಾಲದಂಡೆ, ಕೇಸರಿ ತಲೆಯ ನೆಲಸಿಳ್ಳಾರ, ಹಸಿರು ಬೆನ್ನಿನ ಪಾರಿವಾಳ, ಒಂದಾದ ಮೇಲೊಂದು ಬರುತ್ತವೆ. ಚಳಿಗಾಲದ ಅತಿಥಿಗಳೂ ಇರುತ್ತವೆ. ಬೇಸಿಗೆ ಏರಿದಷ್ಟೂ ಕಾಡೊಳಗೆ ನೀರು ಕಡಿಮೆ, ತೊಟ್ಟಿಗೆ ಹಕ್ಕಿ ಜಾಸ್ತಿ. ನಾನಂತೂ ಮಾರ್ಚ್ ಕೊನೆಗೇ ಹೋಗೋದು, ಬೆವರು ಸುರಿದರೂ ಪರವಾಗಿಲ್ಲ.

ಭೀಮರಾಜ

ಮ್ಯಾಗಜಿನ್ ಅಂದರೆ ವಾರಪತ್ರಿಕೆ ಅಂದುಕೊಂಡು ನಮ್ಮ ಅತ್ತೆ ಓದೋಕೆ ಪುಸ್ತಕ ಸಿಗುತ್ತಾ ಅಂತ ಕೇಳಿದ್ದರು. ಅದು ಮದ್ದಿನ ಮನೆ. ಸೂಪಾ ಅಣೆಕಟ್ಟು ಕಟ್ಟುವಾಗ ಬಂಡೆ ಒಡೆಯುವ ಸಿಡಿಮದ್ದು ಇಡುತ್ತಿದ್ದ ಜಾಗ. ನಿಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಗಳಿವೆಯಲ್ಲ, ಅಪ್ಪನಿಗೆ ಹಾಗೆ ಹೇಳಿ, ತಕ್ಷಣ ಅರ್ಥ ಆಗುತ್ತೆ.

ರೂಮು ಕಮ್ಮಿ ಇರುವ ಜಾಗ, ಬೇಗ ತುಂಬುತ್ತೆ. ಸಿಗದಿದ್ದರೆ ಅರಣ್ಯ ಇಲಾಖೆಯ ಕುಳಗಿ ನೇಚರ್ ಕ್ಯಾಂಪ್ ಇದೆ, ದಾಂಡೇಲಿಗೆ ಹತ್ತಿರ. ಅಣಶಿಯಲ್ಲೂ ಕ್ಯಾಂಪ್ ಇದೆ, ಕಾಡು ಅಲ್ಲಿ ಇನ್ನೂ ದಟ್ಟ, ಆದರೆ ಅಪ್ಪನನ್ನು ಕರೆದುಕೊಂಡು ಅಷ್ಟು ದೂರ ಬೇಡ ಅನ್ಸುತ್ತೆ.

ಎರಡು ಚಕ್ರ

ಹೋಮ್‌ಸ್ಟೇ ಬಗ್ಗೆ ಒಂದು ಮಾತು. ನಾವು ಹೋದ ವರ್ಷ ಒಂದು ಕಡೆ "ಬರ್ಡಿಂಗ್ ಪ್ಯಾಕೇಜ್" ಅಂತ ನೋಡಿ ದುಡ್ಡು ಕಟ್ಟಿದೆವು. ಹೆಸರು ಬೇಡ. ಹೋಗಿ ನೋಡಿದರೆ ಈಜುಕೊಳ, ರಾತ್ರಿ ಹನ್ನೊಂದರವರೆಗೆ ಡಿಜೆ. ಬೆಳಿಗ್ಗೆ ಆರಕ್ಕೆ ಬರಬೇಕಿದ್ದ ಗೈಡ್ ಒಂಬತ್ತಕ್ಕೆ ಹಲ್ಲುಜ್ಜುತ್ತಾ ಬಂದು ಗೇಟಿನ ಹತ್ತಿರದ ಮೈನಾ ತೋರಿಸಿದ. ಮೈನಾ! ನಮ್ಮ ವಿಜಯನಗರದ ಮನೆ ಟೆರೇಸಲ್ಲಿ ದಿನಾ ಹತ್ತು ಬರುತ್ತವೆ. ಹಾಗಾಗಿ ಬುಕ್ ಮಾಡೋ ಮೊದಲು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ರಾತ್ರಿ ಹಾಡು ಹಾಕ್ತೀರಾ, ಬೆಳಿಗ್ಗೆ ಆರಕ್ಕೆ ಟೀ ಕೊಡ್ತೀರಾ. ಉತ್ತರದಲ್ಲೇ ಜಾತಕ ಗೊತ್ತಾಗುತ್ತೆ.

ಕಾಳಿ ದಂಡೆ

ಜೋಯ್ಡಾ ತಾಲೂಕಿನವನು ನಾನು, ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ತೊಟ್ಟಿ ಮುಂದೆ ಕೂತು ಫೋಟೋ ತೆಗೆಯೋದು ಹಕ್ಕಿ ನೋಡಿದ ಹಾಗಾ? ಅದೊಂದು ಸ್ಟುಡಿಯೋ ಆಗಿಬಿಟ್ಟಿದೆ. ಕೊಂಬೆ ಅಲ್ಲಿ ಸಿಕ್ಕಿಸಿ, ಇಲ್ಲಿ ತಿರುಗಿಸಿ ಅಂತ ಹುಡುಗರಿಗೆ ಆರ್ಡರ್ ಮಾಡೋರನ್ನು ನೋಡಿದ್ದೇನೆ. ಇನ್ನು ಕೆಲವರು ಮೊಬೈಲಲ್ಲಿ ಕೂಗು ಹಾಕಿ ಕಾಕರಣೆ ಹಕ್ಕಿಯನ್ನು ಕರೆಯುತ್ತಾರೆ. ಅದು ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಹೆದರಿ, ಸಿಟ್ಟಿಂದ ಓಡಿ ಬರುತ್ತೆ. ಗೂಡು ಕಟ್ಟೋ ಟೈಮಲ್ಲಿ ದಿನಕ್ಕೆ ಹತ್ತು ಗಾಡಿ ಬಂದು ಹತ್ತು ಸಲ ಹೀಗೆ ಮಾಡಿದರೆ ಅದು ಮೇಯೋದು ಯಾವಾಗ, ಮರಿಗೆ ಉಣಿಸೋದು ಯಾವಾಗ?

ಲೆನ್ಸ್ ಸ್ವಾಮಿ

ಕೂಗು ಹಾಕೋದು ತಪ್ಪು, ಒಪ್ಪಿದೆ. ನಾನೂ ಹಿಂದೆ ಹಾಕುತ್ತಿದ್ದೆ, ಈಗ ಬಿಟ್ಟಿದ್ದೇನೆ. ಆದರೆ ತೊಟ್ಟಿಯನ್ನು ಯಾಕೆ ಬೈತೀರಿ ಅಣ್ಣ? ಹಕ್ಕಿ ತಾನಾಗಿ ಬರುತ್ತೆ, ಬೇಡ ಅನಿಸಿದರೆ ಹೋಗುತ್ತೆ. ಐವತ್ತು ಜನ ಕಾಡೊಳಗೆ ನುಗ್ಗಿ ಗೂಡು ಹುಡುಕುವ ಬದಲು ಒಂದು ಕಡೆ ಸುಮ್ನೆ ಕೂತರೆ ಕಾಡಿಗೇ ಒಳ್ಳೇದಲ್ವಾ? ಇವರಪ್ಪನ ಹಾಗೆ ನಡೆಯೋಕೆ ಆಗದವರು ಎಲ್ಲಿಗೆ ಹೋಗಬೇಕು?

ಕಾಳಿ ದಂಡೆ

ಅವರಪ್ಪನ ವಿಷಯಕ್ಕೆ ನಾನು ಹೇಳಲಿಲ್ಲ ಸ್ವಾಮಿಯವರೇ. ಹಿರಿಯರು ಕೂತು ನೋಡಲಿ, ಬೇಡ ಅಂದೋರು ಯಾರು. ಆದರೆ ತೊಟ್ಟಿ ನೋಡಿ "ದಾಂಡೇಲಿ ಮುಗೀತು" ಅಂತ ಹೋಗಬೇಡಿ ಅಂದೆ. ತೊಟ್ಟಿಗೆ ಬರೋದು ಸಣ್ಣ ಹಕ್ಕಿಗಳು. ಮಂಗಟ್ಟೆ ತೊಟ್ಟಿಗೆ ಬಂದು ಸ್ನಾನ ಮಾಡಲ್ಲ. ಅದನ್ನು ನೋಡಬೇಕು ಅಂದರೆ ಹಣ್ಣು ಬಿಟ್ಟ ಮರ ಹುಡುಕಬೇಕು. ಅತ್ತಿ, ಆಲ, ಬಸರಿ ಜಾತಿಯ ಯಾವ ಮರ ಹಣ್ಣಾಗಿದೆ ಅಂತ ಅಲ್ಲಿಯ ಗೈಡನ್ನು ಕೇಳಿ. ಒಂದು ಮರ ಹಣ್ಣಾಗಿದ್ದರೆ ಸಾಕು, ಅದರ ಕೆಳಗೆ ದೂರದಲ್ಲಿ ಕುರ್ಚಿ ಹಾಕಿ ಬೆಳಿಗ್ಗೆ ಪೂರ್ತಿ ಕೂರಿ. ಕಪ್ಪು-ಬಿಳಿಯದಕ್ಕೆ ಕಾಸರ್ಕದ ಹಣ್ಣು ಅಂದರೆ ಪ್ರಾಣ. ನಾವು ಬಾಯಿಗೆ ಹಾಕಿದರೆ ವಿಷ, ಅದು ಆರಾಮಾಗಿ ತಿಂದು ಹೋಗುತ್ತೆ.

ದೊಡ್ಡದು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತೆ. ರೆಕ್ಕೆ ಬಡಿದರೆ ಮೊರದಲ್ಲಿ ಭತ್ತ ಕೇರಿದ ಹಾಗೆ ಸದ್ದು. ಆ ಸದ್ದು ಬಂದಾಗ ದುರ್ಬೀನು ಹುಡುಕಬೇಡಿ, ಸುಮ್ನೆ ತಲೆ ಎತ್ತಿ.

ಫೆಬ್ರವರಿ ಅಂದರೆ ಗೂಡಿನ ಕಾಲ ಶುರು. ಹೆಣ್ಣು ಮರದ ಪೊಟರೆ ಒಳಗೆ ಹೋಗಿ ಬಾಗಿಲು ಮೆತ್ತಿಕೊಂಡು ಕೂರುತ್ತದೆ, ಕೊಕ್ಕು ಹೊರಗೆ ಬರುವಷ್ಟು ಸೀಳು ಮಾತ್ರ ಬಿಟ್ಟು. ತಿಂಗಳುಗಟ್ಟಲೆ ಗಂಡೇ ಹಣ್ಣು ತಂದು ಕೊಡಬೇಕು. ಗಂಡು ಹೆದರಿ ಬರದೆ ಹೋದರೆ ಒಳಗಿನವರ ಗತಿ ಅಷ್ಟೇ. ಯಾರಾದರೂ ಗೈಡ್ "ಗೂಡು ತೋರಿಸ್ತೀನಿ, ಎಕ್ಸ್‌ಟ್ರಾ ಕೊಡಿ" ಅಂದರೆ ಬೇಡ ಅನ್ನಿ.

ಪಿಎಚ್‌ಸಿ ಡಾಕ್ಟರ್

ಹಕ್ಕಿ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ, ಕಾಡಲ್ಲಿ ಮೈಗೆ ಹತ್ತಿ ಕಚ್ಚುವ ಉಣ್ಣೆ (ಉಣುಗು) ಬಗ್ಗೆ ಗೊತ್ತು. ಮಳೆಗಾಲದಲ್ಲಿ ಉಂಬಳ, ಬೇಸಿಗೆ ಹತ್ತಿರ ಬಂದ ಹಾಗೆ ಉಣ್ಣೆ. ಉಂಬಳ ರಕ್ತ ಕುಡಿದು ಬಿದ್ದು ಹೋಗುತ್ತೆ, ಅಷ್ಟೇ. ಉಣ್ಣೆಯಿಂದ ಮಂಗನ ಕಾಯಿಲೆ ಬರಬಹುದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆ ಆದದ್ದು. ಉತ್ತರ ಕನ್ನಡದಲ್ಲೂ ಬರುತ್ತದೆ, ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಹೆದರಿಸೋಕೆ ಹೇಳುತ್ತಿಲ್ಲ. ಉದ್ದ ಪ್ಯಾಂಟು, ಅದನ್ನು ಕಾಲುಚೀಲದ ಒಳಗೆ ತುರುಕಿ, ತಿಳಿ ಬಣ್ಣದ ಬಟ್ಟೆ ಹಾಕಿದರೆ ಉಣ್ಣೆ ಹತ್ತಿದ್ದು ಕಾಣುತ್ತೆ. ನೆಲದ ಮೇಲೆ, ತರಗೆಲೆ ಮೇಲೆ ಕೂರಬೇಡಿ, ಮಡಚುವ ಕುರ್ಚಿ ತನ್ನಿ. ಉಣ್ಣೆ ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ನಮ್ಮ ಆಸ್ಪತ್ರೆಗಳಲ್ಲೇ ಕೊಡುತ್ತೇವೆ. ರೂಮಿಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯೋಕೆ ಹಾಕಿ. ಊರಿಗೆ ಹೋದ ಮೇಲೆ ಒಂದೆರಡು ವಾರದ ಒಳಗೆ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಬೇಕು. ಮೈಸೂರು ಕಡೆ ಡಾಕ್ಟರಿಗೆ ಅದು ಹೊಳೆಯದೆ ಇರಬಹುದು.

ರಂಗನತಿಟ್ಟಿನ ಮಗಳು

ಮಡಚುವ ಕುರ್ಚಿ ಪಟ್ಟಿಗೆ ಸೇರಿತು. ದುರ್ಬೀನು?

ಭೀಮರಾಜ

8×42 ತಗೊಳ್ಳಿ. ಎಂಟು ಪಟ್ಟು ಹತ್ತಿರ ತೋರಿಸುತ್ತೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಅಂಗಡಿಯವನು 10 ಪಟ್ಟಿನದು, 20 ಪಟ್ಟಿನದು ಅಂತ ಆಸೆ ತೋರಿಸುತ್ತಾನೆ, ಬಲಿಯಾಗಬೇಡಿ. ವಯಸ್ಸಾದವರ ಕೈ ಸ್ವಲ್ಪ ನಡುಗಿದರೂ ಅದರಲ್ಲಿ ಹಕ್ಕಿ ಕುಣಿಯುತ್ತೆ. ನೋಟದ ಅಗಲವೂ ಕಡಿಮೆ, ಎಲೆ ಮಧ್ಯೆ ಹಕ್ಕಿ ಹುಡುಕುವಷ್ಟರಲ್ಲಿ ಅದು ಗೋವಾ ತಲುಪಿರುತ್ತೆ. ಕನ್ನಡಕ ಹಾಕುವವರಾದರೆ ಕಣ್ಣಿನ ಕಡೆಯ ರಬ್ಬರ್ ಒಳಗೆ ತಿರುಗಿಸಬೇಕು, ಇದು ಅರ್ಧ ಜನಕ್ಕೆ ಗೊತ್ತಿಲ್ಲ. ರಂಗನತಿಟ್ಟಲ್ಲೇ ಒಂದು ವಾರ ಅಭ್ಯಾಸ ಮಾಡಿಸಿ.

ಮೊಬೈಲಲ್ಲಿ ಮರ್ಲಿನ್ ಆ್ಯಪ್ ಹಾಕಿ, ಕೂಗು ಕೇಳಿಸಿಕೊಂಡು ಯಾವ ಹಕ್ಕಿ ಅಂತ ಹೇಳುತ್ತೆ. ಭಾರತದ ಹಕ್ಕಿಗಳ ಪ್ಯಾಕ್ ಊರಲ್ಲೇ ಡೌನ್‌ಲೋಡ್ ಮಾಡಿ, ಕಾಡಲ್ಲಿ ನೆಟ್‌ವರ್ಕ್ ನಂಬಬೇಡಿ. ಮರ್ಲಿನ್ ಹೇಳಿದ್ದನ್ನೆಲ್ಲ ವೇದವಾಕ್ಯ ಅಂತಲೂ ತಿಳಿಯಬೇಡಿ. ಭೀಮರಾಜ ಹತ್ತು ಹಕ್ಕಿಯ ದನಿ ಅಣಕಿಸುತ್ತೆ, ಪಾಪ ಆ್ಯಪ್ ಏನು ಮಾಡೀತು.

ದಾಂಡೇಲಿ ಹುಡುಗ

ದಾರಿ: ಮೈಸೂರಿನಿಂದ ರಾತ್ರಿ ರೈಲು, ಬೆಳಿಗ್ಗೆ ಧಾರವಾಡ. ಅಲ್ಲಿಂದ ಹಳಿಯಾಳ ಮೇಲೆ ದಾಂಡೇಲಿಗೆ 55 ಕಿಲೋಮೀಟರ್ ಆಸುಪಾಸು, ಬಸ್ಸೂ ಇವೆ, ಅಪ್ಪನಿಗೆ ಕಾರು ಮಾಡಿ. ದಾಂಡೇಲಿಯಿಂದ ಗಣೇಶಗುಡಿ ಇನ್ನೊಂದು 25. ದಾಂಡೇಲಿಯಲ್ಲೇ ನಗದು, ಔಷಧಿ, ಪೆಟ್ರೋಲ್ ಎಲ್ಲ ಮುಗಿಸಿಕೊಳ್ಳಿ. ಕತ್ತಲಾಗುವ ಮೊದಲು ಗಣೇಶಗುಡಿ ಸೇರಿ, ರಸ್ತೆಗೆ ಕಾಡುಕೋಣ ಬರುತ್ತೆ. ಫಣಸೋಲಿಯಲ್ಲಿ ಜೀಪ್ ಸಫಾರಿ ಇದೆ, ಕರಿ ಚಿರತೆ ಆಸೆಗೆ ಜನ ಹೋಗುತ್ತಾರೆ. ಜೀಪು ಕುಲುಕುತ್ತೆ, ಮೊಣಕಾಲಿಗೆ ಬೇಡ. ಅದರ ಬದಲು ಗಣೇಶಗುಡಿ ಹೊಳೆಯಲ್ಲಿ ಬೆಳಿಗ್ಗೆ ಬೇಗ ದೋಣಿ ಸಿಗುತ್ತಾ ಕೇಳಿ. ನೀಲಿ ಕಿವಿಯ ಮಿಂಚುಳ್ಳಿ ಅಲ್ಲಿ ದಂಡೆಯ ಕೊಂಬೆ ಮೇಲೆ ಕೂರುತ್ತೆ, ಅದನ್ನು ನೋಡೋಕೆ ದೇಶದ ಎಲ್ಲ ಕಡೆಯಿಂದ ಬರುತ್ತಾರೆ. ದೋಣಿಯಲ್ಲಿ ಕೂತು ನೋಡೋದು ನಿಮ್ಮಪ್ಪನಿಗೆ ಹೇಗೂ ಅಭ್ಯಾಸ.

---

ರಂಗನತಿಟ್ಟಿನ ಮಗಳು

ಹೋಗಿ ಬಂದೆವು! ಎಲ್ಲರಿಗೂ ವರದಿ ಒಪ್ಪಿಸಬೇಕಲ್ಲ.

ಮೊದಲ ದಿನ ದಾಂಡೇಲಿ ತಲುಪಿ ಡಿಪೋ ಹತ್ತಿರ ನಿಂತಾಗ ಹನ್ನೊಂದು ಗಂಟೆ, ಬಿಸಿಲು. ಒಂದೂ ಇಲ್ಲ. ಅಪ್ಪ ಏನೂ ಅನ್ನಲಿಲ್ಲ, ನನಗೆ ಮಾತ್ರ ಅಳು ಬರುವ ಹಾಗೆ ಆಯಿತು. ಸಂಜೆ ತೊಟ್ಟಿ ಮುಂದೆ ಕೂತೆವು. ಅರ್ಧ ಗಂಟೆ ಕಳೆದ ಮೇಲೆ ಕೆಂಪು ಕೊರಳಿನ ಪಿಕಳಾರ ಬಂತು, ಆಮೇಲೆ ಶಾಮ ಬಂದು ನೀರಲ್ಲಿ ಮುಳುಗಿ ರೆಕ್ಕೆ ಒದರಿತು. ಅಪ್ಪ ನನ್ನ ಕೈ ಒತ್ತಿ ಹಿಡಿದರು. ಪಕ್ಕದಲ್ಲಿ ಕ್ಯಾಮೆರಾದವರು ಕಟಕಟ ಅನ್ನಿಸುತ್ತಿದ್ದರು, ಅದೊಂದು ಕಿರಿಕಿರಿ. ಸ್ವಾಮಿಯವರು ಹೇಳಿದ್ದೂ ಸರಿ, ಕಾಳಿ ದಂಡೆಯವರು ಹೇಳಿದ್ದೂ ಸರಿ.

ಎರಡನೇ ದಿನ ದೋಣಿ. ನೀಲಿ ಕಿವಿಯದು ಎರಡು ಸೆಕೆಂಡು ಕಂಡಿತು, ಅಪ್ಪನಿಗೆ ಕಂಡಿತು, ನನಗೆ ಇಲ್ಲ! ಮಧ್ಯಾಹ್ನ ಗೈಡ್ ಒಂದು ಕಪ್ಪೆಬಾಯಿ ಹಕ್ಕಿ ತೋರಿಸಿದರು. ಒಣ ಎಲೆ ಅಂತಲೇ ಅಂದುಕೊಂಡಿದ್ದೆ, ಅದಕ್ಕೆ ಕಣ್ಣಿತ್ತು. ಪಕ್ಕದಲ್ಲೇ ಇನ್ನೊಂದು. ಫ್ಲಾಶ್ ಹಾಕದೆ, ಒಂದೆರಡು ನಿಮಿಷದಲ್ಲಿ ಬಂದುಬಿಟ್ಟೆವು. ನವರಂಗ ಹಕ್ಕಿ ಸಿಗಲೇ ಇಲ್ಲ, ಕೂಗು ಮಾತ್ರ ಕೇಳಿಸಿತು.

ಮೂರನೇ ದಿನ ಬೆಳಿಗ್ಗೆ ಆರೂವರೆಗೆ ಹಣ್ಣಿನ ಮರದ ಹತ್ತಿರ ಕುರ್ಚಿ ಹಾಕಿದೆವು. ಮೊದಲು ಬೂದು ಮಂಗಟ್ಟೆ ನಕ್ಕಿತು, ಅಪ್ಪನೂ ನಕ್ಕರು. ಎಂಟು ಗಂಟೆ ಆಯಿತು. ಎಂಟೂವರೆ ಆಯಿತು. ನಾನು ಫ್ಲಾಸ್ಕಿಂದ ಕಾಫಿ ಸುರಿಯುತ್ತಿದ್ದೆ. ಆ ಸದ್ದು ಬಂತು. ಮೊರದ ಸದ್ದು ಅಂತ ಬರೆದಿದ್ದಿರಲ್ಲ, ಅಕ್ಷರಶಃ ಅದೇ. ಅಪ್ಪ ದುರ್ಬೀನು ಮುಟ್ಟಲಿಲ್ಲ. ದೊಡ್ಡದು, ಗಂಡು, ಕೆಂಪು ಕಣ್ಣು ಅಂತ ಗೈಡ್ ಆಮೇಲೆ ಹೇಳಿದರು, ಹೆಣ್ಣಿಗಾದರೆ ಬಿಳಿ ಕಣ್ಣಂತೆ. ಒಂದೊಂದೇ ಹಣ್ಣು ಕಿತ್ತು, ಮೇಲೆ ಚಿಮ್ಮಿಸಿ ಗಂಟಲಿಗೆ ಹಾಕಿಕೊಳ್ಳುತ್ತಿತ್ತು. ಇಪ್ಪತ್ತು ನಿಮಿಷ ಇತ್ತು. ಕಾಫಿ ಆರಿ ತಣ್ಣಗಾಗಿತ್ತು, ಇಬ್ಬರೂ ಅದನ್ನೇ ಕುಡಿದೆವು. ಹೋಗುವಾಗ ಅದು ನುಂಗದೆ ಗಂಟಲ ತುಂಬ ಹಣ್ಣು ಇಟ್ಟುಕೊಂಡು ಹಾರಿತು. "ಮನೇಲಿ ಕಾಯ್ತಿದ್ದಾರೆ ಅನ್ಸುತ್ತೆ" ಅಂದರು ಅಪ್ಪ.

ಲೆನ್ಸ್ ಸ್ವಾಮಿ

ಆಹಾ! ಫೋಟೋ ಹಾಕಿ ಮೇಡಂ. ಮರ ಯಾವ ಕಡೆ, ಸ್ವಲ್ಪ ಲೊಕೇಶನ್ ಕಳಿಸ್ತೀರಾ? ಮುಂದಿನ ವಾರ ಹೋಗ್ತಿದ್ದೇನೆ.

ರಂಗನತಿಟ್ಟಿನ ಮಗಳು

ಫೋಟೋ ತೆಗೆದಿಲ್ಲ, ಕೈಯಲ್ಲಿ ಫ್ಲಾಸ್ಕ್ ಇತ್ತು. ಮರದ ವಿಷಯ ಬರೀಬೇಡ ಅಂತ ಅಪ್ಪ ಹೇಳಿದ್ದಾರೆ, ಬೇಜಾರು ಮಾಡ್ಕೋಬೇಡಿ.

ಕಾಳಿ ದಂಡೆ

ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ. ಮುಂದಿನ ಸಲ ಜೋಯ್ಡಾಕ್ಕೆ ಬಂದಾಗ ಕುಣಬಿಯವರು ಬೆಳೆಯುವ ಮುಡ್ಲಿ ಗೆಡ್ಡೆ ತಗೊಂಡು ಹೋಗಿ, ಸಾಂಬಾರಿಗೆ ಬಹಳ ರುಚಿ.

ರಂಗನತಿಟ್ಟಿನ ಮಗಳು

ಎರಡು ಕಿಲೋ ತಂದಿದ್ದೇವೆ ಅಣ್ಣ! ಹೆಚ್ಚುವಾಗ ಕೈ ತುರಿಸುತ್ತಿದೆ, ಏನು ಮಾಡಬೇಕು ಹೇಳಿ.

ಕಾಳಿ ದಂಡೆ

ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಬೇಯಿಸುವಾಗ ಹುಳಿ ಜಾಸ್ತಿ ಹಾಕಿ, ಇಲ್ಲಾಂದ್ರೆ ಮೇಷ್ಟ್ರ ಗಂಟಲೂ ತುರಿಸುತ್ತೆ.